ಬೆಳೆಯಬಾರದ ದೊರೆಮಗ

ನಮ್ಮೂರಿನಲ್ಲಿ ಸಿನಿಮಾ ನೋಡುವುದಾದರೆ ಬಿಡುಗಡೆಯಾದ ವಾರದಲ್ಲೇ ನೋಡಿಬಿಡಬೇಕು. ತಡಮಾಡಿದಿರೋ, ನಾಯಕನಿಗೆ ಹೊಟ್ಟೆ ಬಂದಿರುತ್ತದೆ. ಇನ್ನೂ ತಡಮಾಡಿದರೆ ಮರ ಸುತ್ತುವ ಹಾಡಿನಲ್ಲಿ ಅವನು ಎರಡನೇ ಸುತ್ತಿಗೇ ಮರ ಹಿಡಿದು ನಿಂತು ಏದುಸಿರು ಬಿಡುತ್ತಾನೆ, ನಾಯಕಿ ಪಾಪ ಒಬ್ಬಳೇ ಸುತ್ತುತ್ತಾಳೆ. ಪರದೆಯ ಮೇಲಿರುವವರೂ ಮನುಷ್ಯರೇ ತಾನೇ, ಅವರಿಗೂ ವಯಸ್ಸಾಗುತ್ತದೆ. ಇಲ್ಲಿ ಮನೆಯಲ್ಲಿ ಅವರ ಮೈಗೆ ಏನಾಗುತ್ತದೋ ಅಲ್ಲಿ ಪರದೆಯ ಮೇಲೂ ಅದೇ ಆಗುತ್ತದೆ. ಕಾಲು ಉಳುಕಿದವನು ಯುದ್ಧಕ್ಕೆ ಕುಂಟುತ್ತಲೇ ಹೊರಡುತ್ತಾನೆ. ನೆಗಡಿಯಾದವಳು ವಿರಹಗೀತೆಯ ನಡುವೆ ಸೀನುತ್ತಾಳೆ. ಬೆನ್ನು ಬಾಗಿದವನು ಬಾಗಿಕೊಂಡೇ ಪ್ರೇಮಪತ್ರ ಕೊಡುತ್ತಾನೆ. ಒಮ್ಮೆ ಒಬ್ಬ ನಟಿ ಬಸುರಿಯಾದಾಗ, ಅವಳು ಜೀವಮಾನವಿಡೀ ಕನ್ಯೆಯಾಗಿ ತಪಸ್ಸಿಗೆ ಕೂತ ಚಿತ್ರ ನಡೆಯುತ್ತಿತ್ತು. ನಮ್ಮ ಹೆಂಗಸರು ಒಂಬತ್ತನೇ ತಿಂಗಳಲ್ಲಿ ಪರದೆಯ ಮುಂದೆ ಹಸಿರು ಬಳೆ, ಮಡಿಲಕ್ಕಿ ಇಟ್ಟು ಆರತಿ ಎತ್ತಿ ಬಂದರು. ಯಾರಾದರೂ ತೀರಿಕೊಂಡರೆ ಮಾತ್ರ ಕಷ್ಟ. ಅವರಿದ್ದ ಜಾಗ ಖಾಲಿಯಾಗಿ, ಮಿಕ್ಕವರು ಗಾಳಿಯ ಜೊತೆ ಜಗಳವಾಡುತ್ತಾರೆ. ಆಗ ನಾವೆಲ್ಲ ಒಂದು ನಿಮಿಷ ಎದ್ದು ನಿಂತು, ಮತ್ತೆ ಕೂತು ಕಡಲೇಕಾಯಿ ಬಿಡಿಸುತ್ತೇವೆ.

ನಾನು ಟೈಲರ್ ಕೆಂಪಕ್ಕ. ಟಾಕೀಸಿನ ಎದುರಿಗೇ ನನ್ನ ಅಂಗಡಿ. ಟಾಕೀಸಿನ ಯಜಮಾನರೂ ಸಿನಿಮಾ ತೆಗೆಯುವವರೂ ಆದ ಪದ್ಮನಾಭ ಶೆಟ್ಟರಿಗೆ ಮೂವತ್ತು ವರ್ಷದಿಂದ ವೇಷದ ಬಟ್ಟೆ ಹೊಲಿಯುತ್ತಿದ್ದೇನೆ. ಬೇರೆ ಊರುಗಳಲ್ಲಿ ಶೂಟಿಂಗ್ ಮುಗಿದರೆ ದರ್ಜಿಯ ಕೆಲಸವೂ ಮುಗಿಯಿತಂತೆ. ನಮ್ಮಲ್ಲಿ ಅಲ್ಲಿಂದಲೇ ಶುರು. ಮನುಷ್ಯರು ಬೆಳೆದ ಹಾಗೆ ಬಟ್ಟೆ ಬೆಳೆಯುವುದಿಲ್ಲವಲ್ಲ! ಶೂಟಿಂಗಿನಲ್ಲಿ ತೊಟ್ಟ ಬಟ್ಟೆಯನ್ನೇ ಟ್ರಂಕಿನಲ್ಲಿ ಇಟ್ಟುಕೊಂಡು, ಪ್ರತಿ ಸೋಮವಾರ ನಟರನ್ನು ಕರೆದು ಅಳತೆ ತೆಗೆದು, ಹೊಲಿಗೆ ಬಿಚ್ಚಿ ಹಿಗ್ಗಿಸುತ್ತಿರಬೇಕು. ಟ್ರಂಕಿನಲ್ಲಿ ಹಿಗ್ಗಿಸಿದರೆ ಪರದೆಯ ಮೇಲೂ ಹಿಗ್ಗುತ್ತದೆ. ಅದಕ್ಕೇ ಮೊದಲು ಹೊಲಿಯುವಾಗಲೇ ಒಳಗೆ ಮೂರು ಬೆರಳು ಬಟ್ಟೆ ಮಡಿಚಿ ಬಿಟ್ಟಿರುತ್ತೇನೆ. ಒಂದು ಸಲ ಟ್ರಂಕಿಗೆ ಇಲಿ ಹೊಕ್ಕು ಖಳನಾಯಕನ ಪಂಚೆಯನ್ನು ಸರಿಯಾದ ಜಾಗದಲ್ಲೇ ತಿಂದುಬಿಟ್ಟಿತು. ಅವತ್ತು ಮ್ಯಾಟಿನಿಗೆ ಬಂದಿದ್ದ ಹೆಂಗಸರು ಇವತ್ತಿಗೂ ಆ ಮನುಷ್ಯ ದಾರಿಯಲ್ಲಿ ಎದುರಾದರೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ.

ಚಲುವರಾಜನನ್ನು ಸಿನಿಮಾಕ್ಕೆ ಹಾಕಿದ್ದು ಶೆಟ್ಟರೇ ಆದರೂ ಅವರ ಕೈಗೆ ಹಿಡಿದುಕೊಟ್ಟಿದ್ದು ನನ್ನ ಅಂಗಡಿ. ಅವನ ತಾಯಿ ಹೊನ್ನಮ್ಮ ಟಾಕೀಸಿನ ಹೆಂಗಸರ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದಳು. ಗಂಡ ಎತ್ತಲೋ ಹೋದವನು ಹೋದವನೇ. ಹುಡುಗನಿಗೆ ಆಗಷ್ಟೇ ಹದಿಮೂರು ತುಂಬಿತ್ತು, ನೋಡಿದವರು ಹತ್ತು ಅನ್ನಬೇಕು, ಗುಂಡು ಕೆನ್ನೆ, ಬೆಣ್ಣೆಯಂಥ ಮೈ. ಅಮ್ಮನ ರವಿಕೆ ಇಸಿದುಕೊಂಡು ಹೋಗಲು ಬಂದವನು ನಾನು ಹೊಲಿದಿಟ್ಟಿದ್ದ ರಾಜನ ನಿಲುವಂಗಿಯನ್ನು ಹೆಗಲಿಗೆ ಏರಿಸಿಕೊಂಡು, ಅಂಗಡಿಯ ಕಸವೆಲ್ಲ ಅದರಲ್ಲೇ ಗುಡಿಸುತ್ತಾ, ಕನ್ನಡಿಯ ಮುಂದೆ ಅಪ್ಪಣೆ ಕೊಡುತ್ತಿದ್ದ.

“ಯಾರಲ್ಲಿ! ಈ ಟೈಲರಮ್ಮ ನಮ್ಮ ತಾಯಿಯವರ ರವಿಕೆಯನ್ನು ಮೂರು ವಾರದಿಂದ ಸತಾಯಿಸುತ್ತಿದ್ದಾಳೆ. ಇವಳ ಕತ್ತರಿಯನ್ನು ಕಿತ್ತುಕೊಂಡು ಗಡೀಪಾರು ಮಾಡಿ!”

ನಾನು ಗಜಕಡ್ಡಿ ಎತ್ತಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಶೆಟ್ಟರು ನಿಂತಿದ್ದರು. ಬಾಯಿ ತೆರೆದದ್ದು ಮುಚ್ಚಿರಲಿಲ್ಲ. “ನಮ್ಮ ಗೇಟಿನ ಹೊನ್ನಮ್ಮನ ಮಗ ಅಲ್ವೇನೋ ನೀನು? ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ಳೋ ನಿನ್ನ!” ಎಂದವರೇ ಅವನನ್ನು ನಿಲುವಂಗಿಯ ಸಮೇತ ಎತ್ತಿಕೊಂಡು ಹೋದರು. ರವಿಕೆ ಮಾತ್ರ ಇನ್ನೂ ಎರಡು ವಾರ ನನ್ನಲ್ಲೇ ಉಳಿಯಿತು.

ಸಿನಿಮಾದ ಹೆಸರು ‘ಕಾಡಿನಲ್ಲಿ ಕಿರೀಟ’. ಕಾಡಿನಲ್ಲಿ ಕಳೆದುಹೋದ ದೊರೆಮಗನೊಬ್ಬ ಜಿಂಕೆ, ನವಿಲುಗಳ ಜೊತೆ ಬೆಳೆದು, ತೊರೆಯಲ್ಲಿ ಈಜಿ, ಕೊನೆಗೆ ಅರಮನೆಗೆ ಬಂದು, ಅತ್ತು ಅತ್ತು ಕುರುಡಾದ ತಂದೆಯ ತೊಡೆಯ ಮೇಲೆ ಕೂತು ಹಾಡು ಹೇಳುವ ಕಥೆ. ಕಥೆಯಲ್ಲಿ ಏನೂ ಇಲ್ಲ ಬಿಡಿ. ಆದರೆ ಆ ಹುಡುಗ ತೊಡೆಯೇರಿ “ಅಪ್ಪಾಜಿ, ನನ್ನ ಕಣ್ಣು ತಗೋ” ಎಂದು ಕೊರಳೆತ್ತಿದನೆಂದರೆ ಟಾಕೀಸಿನಲ್ಲಿ ಒಂದು ಕಣ್ಣೂ ಒಣಗಿರುತ್ತಿರಲಿಲ್ಲ. ನಾನು, ಕೆಂಪಕ್ಕ, ನನ್ನ ಗಂಡ ಹೋದಾಗಲೂ ಹೆಚ್ಚು ಅಳದವಳು, ಹನ್ನೊಂದು ಸಲ ಹೋಗಿ ಹನ್ನೊಂದು ಸಲವೂ ಗೊಳೋ ಎಂದು ಅತ್ತೆ.

ಆಮೇಲೆ ಕೇಳಬೇಕೇ? ಮಾಸ್ಟರ್ ಚಲುವ, ಮಾಸ್ಟರ್ ಚಲುವ! ಊದುಬತ್ತಿಯ ಪೊಟ್ಟಣದ ಮೇಲೆ ಅವನು, ಕ್ಯಾಲೆಂಡರಿನ ಮೇಲೆ ಅವನು. ಕ್ಷೌರದಂಗಡಿಯಲ್ಲಿ ಅರವತ್ತು ದಾಟಿದ ಮುದುಕರೂ ಹಣೆಯ ಮೇಲೆ ಗುಂಗುರು ಬಿಡಿಸಿಕೊಂಡು ಬಂದರು. ಸ್ಕೂಲಿನ ಹೆಡ್‌ಮಾಸ್ಟರು ಅವನ ಲೆಕ್ಕದ ಪೇಪರಿಗೆ ಸೊನ್ನೆ ಕೊಟ್ಟು, ಆ ಪೇಪರಿಗೆ ಅವನ ಕೈಲೇ ಸಹಿ ಹಾಕಿಸಿಕೊಂಡು, ಫ್ರೇಮು ಕಟ್ಟಿಸಿ ಮನೆಯ ನಡುಮನೆಯಲ್ಲಿ ತೂಗುಹಾಕಿದರು. ಹೊನ್ನಮ್ಮ ಗೇಟು ಬಿಟ್ಟು ಬಾಲ್ಕನಿಗೆ ಏರಿದಳು. ಅವಳಿಗೆ ಅಂತಲೇ ಒಂದು ಕುರ್ಚಿ, ಕುರ್ಚಿಗೊಂದು ದಿಂಬು. ಹದಿನೈದು ವರ್ಷ ಬೇರೆಯವರ ಟಿಕೆಟ್ ಹರಿದವಳು, ಕಾಲಿನ ಮೇಲೆ ಕಾಲು ಹಾಕಿ ಕೂತದ್ದನ್ನು ನೋಡಿ ನನಗೂ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ. ಅದರ ಬೆನ್ನಿಗೇ ಇನ್ನೆರಡು ಸಿನಿಮಾ ಬಂದು ಅವೂ ಓಡಿದವು. ಆದರೆ ಜನಕ್ಕೆ ಬೇಕಾಗಿದ್ದು ಮೊದಲನೆಯದೇ. ಶೆಟ್ಟರು ಮೈಕು ಹಿಡಿದು, ‘ಕಾಡಿನಲ್ಲಿ ಕಿರೀಟ’ ಸಾವಿರ ದಿನ ಓಡುತ್ತದೆ, ಓಡದಿದ್ದರೆ ನಾನು ಮೀಸೆ ಬೋಳಿಸುತ್ತೇನೆ ಎಂದು ಊರಿಗೆಲ್ಲ ಸಾರಿದರು. ನಮ್ಮೂರಿನಲ್ಲಿ ಅದುವರೆಗೆ ಯಾವ ಸಿನಿಮಾವೂ ನೂರೈವತ್ತು ದಿನ ದಾಟಿರಲಿಲ್ಲ, ಅಷ್ಟರೊಳಗೆ ಯಾರಿಗಾದರೂ ಏನಾದರೂ ಆಗಿಯೇ ಆಗುತ್ತಿತ್ತು.

ಮೊದಲು ದೂರು ತಂದವರು ವೀರಭದ್ರಾಚಾರ್ಯರು. ಕುರುಡು ರಾಜನ ಪಾತ್ರ ಅವರದು, ಎಪ್ಪತ್ತು ದಾಟಿದ ಜೀವ. ಇನ್ನೂರನೆಯ ದಿನ ದಾಟಿದ ಮೇಲೆ ಒಂದು ಬೆಳಿಗ್ಗೆ ಕೋಲೂರಿಕೊಂಡು ನನ್ನ ಅಂಗಡಿಗೆ ಬಂದರು.

“ಕೆಂಪಮ್ಮ, ನಿನ್ನೆ ಆಟ ನೋಡಿದ್ಯಾ? ಅವನು ತೊಡೆ ಮೇಲೆ ಕೂತ ತಕ್ಷಣ ನಾನು ‘ಅಯ್ಯಪ್ಪಾ’ ಅಂದೆ ಕಣಮ್ಮ. ಆ ಮಾತು ನನ್ನ ಡೈಲಾಗಲ್ಲೇ ಇಲ್ಲ!”

“ನಿಮಗೆ ವಯಸ್ಸಾಯ್ತು ಸ್ವಾಮಿ.”

“ನನಗೆ ಆಗೋದು ಇದ್ದಿದ್ದೇ. ಅವನಿಗೆ ಆಗ್ತಾ ಇದೆಯಲ್ಲ, ಅದನ್ನ ಹೇಳು.”

ಮಾತು ಶೆಟ್ಟರ ಕಿವಿಗೆ ಬಿತ್ತು. ಬಿದ್ದ ಮೇಲೆ ಊರಿನ ಕಿವಿಗೆ ಬೀಳುವುದು ಎಷ್ಟು ಹೊತ್ತು? ಹುಡುಗ ಬೆಳೆದರೆ ಸಿನಿಮಾ ಕೆಡುತ್ತದೆ. ಸಿನಿಮಾ ಕೆಟ್ಟರೆ ಪ್ರತಿ ವಾರ ಅತ್ತು ಹಗುರಾಗುತ್ತಿದ್ದವರು ಎಲ್ಲಿಗೆ ಹೋಗಬೇಕು? ಯಾರೂ ಸಭೆ ಸೇರಲಿಲ್ಲ, ಠರಾವು ಮಾಡಲಿಲ್ಲ. ಸುಮ್ಮನೆ ಎಲ್ಲರೂ ಅವನಿಗೆ ತಿನ್ನಲು ಕೊಡುವುದನ್ನು ನಿಲ್ಲಿಸಿದರು. ಹಾಲಿನವಳು ಅವನ ಮನೆಯ ಪಾಲಿಗೆ ಮಾತ್ರ ಇನ್ನೊಂದು ಚೊಂಬು ನೀರು ಬೆರೆಸಿದಳು. ಬಾಳೆಹಣ್ಣಿನ ಗಾಡಿಯವನು ಅವನನ್ನು ಕಂಡರೆ ಗೋಣಿತಾಟು ಎಳೆದು ಹಣ್ಣು ಮುಚ್ಚುತ್ತಿದ್ದ. ಮೊಟ್ಟೆ ಅಂಗಡಿಯಲ್ಲಿ ಒಂದು ಬೋರ್ಡು ಬಂತು: ‘ಮಾಸ್ಟರ್ ಚಲುವ ಅವರಿಗೆ ಮೊಟ್ಟೆ ಇಲ್ಲ. ದಯವಿಟ್ಟು ಸಹಕರಿಸಿ.’ ಸ್ಕೂಲಿನ ಡ್ರಿಲ್ ಮಾಸ್ಟರು, ಉದ್ದವಾಗಿಬಿಡುತ್ತಾನೆಂದು ಅವನು ಕಂಬಿಗೆ ಜೋತುಬೀಳದಂತೆ ಕಾವಲು ಕೂತರು. ದ್ವೇಷದಿಂದ ಯಾರೂ ಮಾಡಲಿಲ್ಲ, ಅದೇ ನನ್ನ ಹೊಟ್ಟೆ ಉರಿಸುವ ಸಂಗತಿ. ಅವನ ಕೆನ್ನೆ ಹಿಂಡಿ, ದೃಷ್ಟಿ ತೆಗೆದು, ಬರಿಗೈಯಲ್ಲಿ ಮುದ್ದಾಡಿ ಕಳಿಸುತ್ತಿದ್ದರು.

ಮನೆಯಲ್ಲಿ ಹೊನ್ನಮ್ಮ ಬೆಳಿಗ್ಗೆ ಒಂದು ಲೋಟ ಗಂಜಿ, ಸಂಜೆ ನಿಂಬೆಹಣ್ಣಿನ ಗಾತ್ರದ ಒಂದು ಮುದ್ದೆ ಕೊಡುತ್ತಿದ್ದಳು. ನಾನು ಜಗಳಕ್ಕೇ ಹೋದೆ.

“ನೀನೇನು ತಾಯಿಯೋ ಜೈಲರೋ?”

“ಸಾವಿರ ದಿನ ಕೆಂಪಕ್ಕ, ಅಷ್ಟೇ. ಆಮೇಲೆ ಜೀವ ಇರೋಗಂಟ ತಿನ್ಲಿ, ಬ್ಯಾಡ ಅಂದೋರ್ಯಾರು? ಅವನು ಗೇಟಲ್ಲಿ ನಿಂತ್ಕೊಂಡು ಟಿಕೇಟ್ ಹರೀಬಾರ್ದು ಅಂತ ನಾನು ಒದ್ದಾಡ್ತಾ ಇದ್ರೆ, ನೀನು ಬಂದು ಮುದ್ದೆ ಲೆಕ್ಕ ಹಾಕ್ತೀಯ.” ಹಾಗೆನ್ನುವಾಗ ಅವಳ ಕಣ್ಣಲ್ಲೂ ನೀರು. ಅವಳೂ ಅವನ ಜೊತೆ ಅಷ್ಟೇ ತಿನ್ನುತ್ತಿದ್ದಳೆಂದು ಆಮೇಲೆ ಗೊತ್ತಾಯಿತು.

ಸರಿ, ಇವರಿಗೆ ಹೇಳಿ ಪ್ರಯೋಜನವಿಲ್ಲ ಎಂದುಕೊಂಡು, ಒಂದು ಸೋಮವಾರ ಅವನು ಅಳತೆಗೆ ಬಂದಾಗ ಅಂಗಡಿಯ ಬಾಗಿಲಿಗೆ ಪರದೆ ಎಳೆದು, ಎರಡು ಮುದ್ದೆ, ಉಪ್ಸಾರು, ಮೂರು ಬೇಯಿಸಿದ ಮೊಟ್ಟೆ ಮುಂದಿಟ್ಟೆ. ಹುಡುಗ ಮೂಸಿ ನೋಡಿ ಗೋಡೆಗೆ ಒತ್ತಿಕೊಂಡು ಕೂತ.

“ಬ್ಯಾಡ ಅತ್ತೆ.”

“ಯಾಕ್ಲಾ? ಹಸಿವಿಲ್ವಾ?”

“ಐತೆ.”

“ಮತ್ತೆ ತಿನ್ನು.”

“ಬೆಳೆದ್ರೆ ಯಾರೂ ನನ್ನ ನೋಡಲ್ಲ ಅತ್ತೆ. ನಿನ್ನೆ ತರಕಾರಿ ಅಮ್ಮ ಒಬ್ಳು ನನ್ನ ಕೈ ಹಿಡ್ಕೊಂಡು ಅತ್ಲು. ಅವಳ ಮಗ ಸತ್ತೋಗಿದ್ನಂತೆ. ನೀನು ಹಿಂಗೇ ಇರಪ್ಪ ಅಂದ್ಲು. ನಾನು ಇರ್ತೀನಿ ಅಂತ ಮಾತು ಕೊಟ್ಬುಟ್ಟೆ.”

“ಬೆಳೆದ್ರೂ ನಾನ್ ನೋಡ್ತೀನಲ್ಲ ನಿನ್ನ.”

“ನೀನ್ ನೋಡೋದು ಬಟ್ಟೆ.”

 ಯಾರೋ ಬಲವಂತ ಮಾಡಿ ಉಪವಾಸ ಕೆಡವಿದ್ದಾರೆ ಎಂದುಕೊಂಡಿದ್ದೆ. ಇವನು ನೋಡಿದರೆ ವ್ರತ ಹಿಡಿದವನ ಹಾಗೆ ತಾನೇ ಹಟ ಹಿಡಿದಿದ್ದಾನೆ. ಬೈದರೆ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಹಾಗಾಗಿ ವ್ಯಾಪಾರಕ್ಕೆ ಇಳಿದೆ.

“ನೋಡಪ್ಪ ದೊರೆ, ನೀನು ಉಣ್ಣೋದು ನಿನ್ನ ಕೆಲಸ. ಬೆಳೆದಿದ್ದು ಕಾಣದ ಹಾಗೆ ಮಾಡೋದು ನನ್ನ ಕೆಲಸ. ಒಳಗೆ ಬೇಕಾದಷ್ಟು ಬಟ್ಟೆ ಬಿಟ್ಟಿದ್ದೀನಿ. ಭುಜ ಬಿಡ್ತೀನಿ, ಅಂಚು ಇಳಿಸ್ತೀನಿ, ಯಾವ ನನ್ಮಗನಿಗೂ ಗೊತ್ತಾಗಲ್ಲ. ಆಣೆ.”

ಅವನು ಬಾಗಿಲ ಪರದೆಯ ಕಡೆ ಒಮ್ಮೆ ನೋಡಿದ. ಆಮೇಲೆ ಮೊಟ್ಟೆಗೆ ಕೈ ಹಾಕಿದ. ಅಗಿಯುವುದನ್ನೇ ಮರೆತವನಂತೆ ನುಂಗಿದ ನೋಡಿ, ನನಗೆ ಬೆನ್ನು ತಿರುಗಿಸಿ ಮಷಿನ್ ತುಳಿಯಬೇಕಾಯಿತು. ಅಂದಿನಿಂದ ಸೋಮವಾರಕ್ಕೊಂದು ಊಟ. ಶೆಟ್ಟರಿಗೆ ಕಳಿಸುವ ಅಳತೆಯ ಚೀಟಿಯಲ್ಲಿ ನಾನು ಪ್ರತಿ ವಾರ ಹಿಂದಿನ ವಾರದ ಅಳತೆಯನ್ನೇ ಬರೆಯುತ್ತಿದ್ದೆ. ‘ಹುಡುಗ ಕಲ್ಲು ಗುಂಡಿನ ಹಾಗೆ ಇದ್ದಾನೆ, ಒಂದು ಕೂದಲೆಳೆಯೂ ಬೆಳೆದಿಲ್ಲ’ ಎಂದು ಕೆಳಗೆ ಒಂದು ಸಾಲು ಬೇರೆ. ವಾರಕ್ಕೊಂದು ಊಟದಲ್ಲಿ ಯಾರು ತಾನೇ ಬೆಳೆಯುತ್ತಾರೆ ಎನ್ನಬೇಡಿ. ಆ ವಯಸ್ಸಿನ ಗಂಡುಹುಡುಗರು ಗಾಳಿ ಕುಡಿದೂ ಬೆಳೆಯುತ್ತಾರೆ.

ಏಳುನೂರನೆಯ ದಿನದ ಹೊತ್ತಿಗೆ ಮೂರು ಬೆರಳು ಬಟ್ಟೆಯೂ ಮುಗಿಯಿತು. ಭುಜದ ಹೊಲಿಗೆ ಕಿತ್ತುಬರುವ ಹಾಗಿತ್ತು. ಹೊಸ ಬಟ್ಟೆ ಜೋಡಿಸಿದರೆ ಪರದೆಯ ಮೇಲೆ ತೇಪೆ ಎದ್ದು ಕಾಣುತ್ತದೆ. ಅಂಥ ಚಿನ್ನದ ಬಣ್ಣದ ರೇಷ್ಮೆ ಈಗ ಎಲ್ಲೂ ಸಿಗುತ್ತಿರಲಿಲ್ಲ. ಆಗ ನೆನಪಾಯಿತು: ಅದೇ ಬಟ್ಟೆಯ ಥಾನಿನಿಂದ ಮಹಾರಾಣಿಯ ಸೀರೆಯನ್ನೂ ಕತ್ತರಿಸಿದ್ದೆ. ಆ ಸೀರೆಯ ಒಳಸುತ್ತಿನಿಂದ ಒಂದೂವರೆ ಮೊಳ ತೆಗೆದರೆ ಯಾರಿಗೆ ಕಾಣುತ್ತದೆ? ಒಳಸುತ್ತು ಒಳಗೇ ಇರುತ್ತದಲ್ಲ. ಆಣೆ ಬೇರೆ ಇಟ್ಟಿದ್ದೇನೆ. ಕಚಕ್ಕನೆ ಕತ್ತರಿಸಿ, ಹುಡುಗನ ಭುಜಕ್ಕೂ ಬೆನ್ನಿಗೂ ಕೊಟ್ಟು, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮರೆತದ್ದು ಒಂದೇ. ಮಹಾರಾಣಿಯ ಪಾತ್ರ ಮಾಡಿದ ಲೀಲಾಮಣಿಗೂ ಎರಡು ವರ್ಷ ಕಳೆದಿತ್ತು, ಅವಳಿಗೆ ಯಾರೂ ಊಟ ನಿಲ್ಲಿಸಿರಲಿಲ್ಲ. ಆ ಸೀರೆ ಅವಳನ್ನು ಸುತ್ತಿಬರಲು ಮೊದಲೇ ಏದುಸಿರು ಬಿಡುತ್ತಿತ್ತು. ಮರುದಿನದ ಮ್ಯಾಟಿನಿಯಲ್ಲಿ, ಮಗ ಸಿಕ್ಕ ಸುದ್ದಿ ಕೇಳಿ ಸಿಂಹಾಸನದಿಂದ ಎದ್ದ ಮಹಾರಾಣಿಗೆ ನಿರಿಗೆಗೆ ಬಟ್ಟೆಯೇ ಇಲ್ಲ! ಕಾಲು ಅಗಲಿಸಲಾರದೆ, ಸ್ಕೂಲಿನ ಗೋಣಿಚೀಲದ ಓಟದ ಹಾಗೆ ಕುಪ್ಪಳಿಸಿಕೊಂಡು, “ಕಂದಾ! ಕಂದಾ!” ಎಂದು ಅರಮನೆಯ ಉದ್ದಕ್ಕೂ ನೆಗೆದಳು. ಹಿಂದೆ ಚಾಮರದವರು. ಜನ ಕುರ್ಚಿಯಿಂದ ಉರುಳಿ ಉರುಳಿ ನಕ್ಕರು. ನನಗೂ ನಗು ತಡೆಯಲಿಲ್ಲ, ದೇವರಾಣೆ. ಆದರೆ ಆಟ ಮುಗಿಯುವ ಮೊದಲೇ ಲೀಲಾಮಣಿ ನನ್ನ ಅಂಗಡಿಯಲ್ಲಿ ನಿಂತಿದ್ದಳು.

“ಟ್ರಂಕ್ ತೆಗೀರಿ.”

“ಬೀಗದ ಕೈ ಕಾಣ್ತಾ ಇಲ್ಲ ಕಣಮ್ಮ...”

“ತೆಗೀತೀರೋ, ಒಡೀಲೋ?”

ಸೀರೆಯ ಕತ್ತರಿಸಿದ ತುದಿ ಸಿಕ್ಕಿತು. ಅದು ಹೋದದ್ದು ಎಲ್ಲಿಗೆ ಎಂಬುದೂ ಹುಡುಗನ ನಿಲುವಂಗಿಯ ಒಳಮೈಯಲ್ಲಿ ಸಿಕ್ಕಿತು. ಶೆಟ್ಟರು ಬಂದು ನೋಡಿ, ನನ್ನ ಅಳತೆಯ ಚೀಟಿಗಳನ್ನೆಲ್ಲ ಮುಷ್ಟಿಯಲ್ಲಿ ಹಿಡಿದು ಹಲ್ಲು ಕಡಿದರು. “ಮೂವತ್ತು ವರ್ಷ ನಂಬಿದ್ನಲ್ಲೇ ನಿನ್ನ! ನಾಳೆ ಆಟಕ್ಕೆ ಮುಂಚೆ ಎಲ್ಲರ ಎದುರಿಗೇ ಅಳೀಬೇಕು ನೀನು. ಎಷ್ಟು ಕದ್ದು ಬೆಳೆಸಿದ್ದೀಯ ಅಂತ ಊರಿಗೆ ಗೊತ್ತಾಗ್ಲಿ.”

ಮರುದಿನ ಟಾಕೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರದೆಯ ಮುಂದೆ ಚಲುವನನ್ನು ನಿಲುವಂಗಿ ತೊಡಿಸಿ ನಿಲ್ಲಿಸಿದ್ದರು. ಪಾದ ಮುಚ್ಚುವ ಅಂಗಿ, ಹಣೆಯ ಮೇಲೆ ಗುಂಗುರು. ನೋಡಲು ಎರಡು ವರ್ಷದ ಹಿಂದಿನ ದೊರೆಮಗನೇ, ಸ್ವಲ್ಪ ಎಳೆದ ಹಾಗೆ. ಹೊನ್ನಮ್ಮ ಬಾಲ್ಕನಿಯ ತುದಿಗೆ ಬಂದು ಕಂಬಿ ಹಿಡಿದು ನಿಂತಿದ್ದಳು. ನಾನು ಟೇಪು ಹಿಡಿದು ಅವನ ಹತ್ತಿರ ಹೋದೆ. ನನ್ನ ಲೆಕ್ಕದಲ್ಲಿ ಎರಡೂವರೆ ಇಂಚು ಬೆಳೆದಿದ್ದ. ಒಂದು ಇಂಚು ಅಂತ ಕೂಗಿ ಪಾರಾಗೋಣ ಎಂದುಕೊಂಡು ಟೇಪನ್ನು ನೆತ್ತಿಯಿಂದ ಬಿಟ್ಟರೆ, ಅವನ ಮೈ ಗಡಗಡ ನಡುಗುತ್ತಿದೆ.

“ಹೆದರ್ಕೋಬ್ಯಾಡ. ನಾನಿದ್ದೀನಿ,” ಎಂದೆ ಕಿವಿಯಲ್ಲಿ.

“ಹೆದರಿಕೆ ಅಲ್ಲ ಅತ್ತೆ. ಕಾಲು ನೋಯ್ತಾ ಐತೆ.”

“ಯಾಕೋ?”

ಅವನು ನೆಟ್ಟಗೆ ನಿಂತ.

ನನ್ನ ಕಣ್ಣ ಮಟ್ಟಕ್ಕಿದ್ದ ತಲೆ ನನ್ನನ್ನು ದಾಟಿ ಮೇಲೆ ಹೋಯಿತು. ಪಾದ ಮುಚ್ಚಿದ್ದ ಅಂಗಿ ಮೀನಖಂಡಕ್ಕೆ ಬಂತು. ಆ ಉದ್ದನೆಯ ಅಂಗಿಯ ಒಳಗೆ ಅವನು ಎಂಟು ತಿಂಗಳಿಂದ ಮಂಡಿ ಮಡಿಚಿಕೊಂಡೇ ಬದುಕಿದ್ದ. ದಾರಿಯಲ್ಲಿ, ಸ್ಕೂಲಿನಲ್ಲಿ, ಮನೆಯಲ್ಲಿ ಸಡಿಲ ಪೈಜಾಮ ಹಾಕಿಕೊಂಡು ಹಾಗೇ ನಡೆದು ನಡೆದು ಮೈಗೆ ಅಭ್ಯಾಸ ಮಾಡಿಸಿದ್ದ, ಪರದೆಯ ಮೇಲೂ ಗಿಡ್ಡ ಕಾಣಲಿ ಎಂದು. ನನ್ನ ಮುಂದೆ ಅಳತೆಗೆ ನಿಂತಾಗಲೂ ಹಾಗೇ. ಊರಿಗೆ ಮೋಸ ಮಾಡುತ್ತಿದ್ದೇನೆ ಎಂದುಕೊಂಡಿದ್ದ ನನಗೇ ಅವನು ಮೋಸ ಮಾಡಿದ್ದ. ಮೂವತ್ತು ವರ್ಷ ಟೇಪು ಹಿಡಿದ ಕಣ್ಣು ನನ್ನದು, ಬೆಂಕಿ ಹಾಕ! ಅವನು ಹೇಳಿದ್ದು ನಿಜ, ನಾನು ನೋಡುತ್ತಿದ್ದದ್ದು ಬಟ್ಟೆಯನ್ನೇ.

ನಾನು ಅಳತೆಯನ್ನು ಗಟ್ಟಿಯಾಗಿ ಕೂಗಿದೆ. ಏಳು ಇಂಚು. ಸುಳ್ಳು ಹೇಳುವ ಶಕ್ತಿ ಇರಲಿಲ್ಲ.

 ಮುಂದಿನ ಸಾಲಿನಿಂದ ಲೀಲಾಮಣಿ, “ಅಯ್ಯೋ, ನನ್ನ ಕಂದ ನನಗಿಂತ ಎತ್ತರ ಇದ್ದಾನಲ್ರೀ!” ಎಂದಳು. ಅಲ್ಲಿಂದ ನಗು ಶುರುವಾದದ್ದು ನಿಲ್ಲಲಿಲ್ಲ. ಆಟ ಶುರುವಾದ ಮೇಲಂತೂ ಕೇಳಬೇಡಿ. ಗಿಡ್ಡ ಅಂಗಿ ತೊಟ್ಟ ಕೊಕ್ಕರೆಕಾಲಿನ ದೊರೆಮಗ ಬಂದು ತೊಡೆಯ ಮೇಲೆ ಕೂತರೆ ವೀರಭದ್ರಾಚಾರ್ಯರು ಅವನ ಹಿಂದೆ ಕಾಣಿಸಲೇ ಇಲ್ಲ, ನರಳುವುದು ಮಾತ್ರ ಕೇಳಿಸಿತು. “ಅಪ್ಪಾಜಿ, ನನ್ನ ಕಣ್ಣು ತಗೋ” ಎಂದು ಅವನು ಒಡೆದ ಗಂಟಲಲ್ಲಿ ಎತ್ತಿಕೊ‍ಂಡಾಗ, ಹಿಂದಿನ ಬೆಂಚಿನಿಂದ ಒಬ್ಬ, “ಕಣ್ಣು ಬ್ಯಾಡ ಮಾರಾಯ, ಮೊದ್ಲು ಕೆಳಗಿಳಿ!” ಎಂದ. ಎರಡು ವರ್ಷ ಆ ಹಾಡಿಗೆ ಅತ್ತ ಹೆಂಗಸರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಲುವ ಪಕ್ಕದ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ.

ಸಾವಿರ ದಿನದ ಸಿನಿಮಾ ಏಳುನೂರ ಇಪ್ಪತ್ತಕ್ಕೆ ಇಳಿಯಿತು. ಶೆಟ್ಟರು ಮೀಸೆ ಬೋಳಿಸಲಿಲ್ಲ, ಸ್ವಲ್ಪ ಸಣ್ಣ ಮಾಡಿಸಿಕೊಂಡರು. ನನ್ನನ್ನೂ ಬಿಡಿಸಲಿಲ್ಲ, ಬೇರೆ ದರ್ಜಿಗಳು ಈ ಕೆಲಸಕ್ಕೆ ಒಪ್ಪುವುದಿಲ್ಲ. ಚಲುವನಿಗೆ ಮೀಸೆ ಬರೆದು ತರುಣ ನಾಯಕನನ್ನಾಗಿ ಮಾಡಿ ಒಂದು ಸಿನಿಮಾ ತೆಗೆದರು. ಅವನು ನಾಯಕಿಯ ಕೈ ಹಿಡಿದರೆ ಜನ, “ಮಗಾ, ಅಮ್ಮನ್ನ ಕೇಳ್ಕೊಂಡ್ ಬಂದ್ಯಾ?” ಎಂದು ಕೂಗುತ್ತಿದ್ದರು. ಹನ್ನೊಂದು ದಿನಕ್ಕೆ ಅದೂ ಹೋಯಿತು. ಶೆಟ್ಟರು ಆರು ವರ್ಷದ ಇನ್ನೊಬ್ಬನನ್ನು ಹಿಡಿದು ತಂದರು. ಅವನ ಅಪ್ಪ ಅಮ್ಮ ಇಬ್ಬರೂ ಕುಳ್ಳಗಿದ್ದಾರೋ ಇಲ್ಲವೋ ಎಂದು ಮೊದಲೇ ಅಳೆದು ನೋಡಿಕೊಂಡಿದ್ದರು. ಕ್ಷೌರದಂಗಡಿಯಲ್ಲಿ ಮುದುಕರೆಲ್ಲ ಹೊಸ ಹುಡುಗನ ಹಾಗೆ ನಡುಬೈತಲೆ ತೆಗೆಸಿದರು.

ಹೊನ್ನಮ್ಮ ಬಾಲ್ಕನಿಯಿಂದ ಇಳಿದು ಮತ್ತೆ ಗೇಟಿಗೆ ಬಂದು ನಿಂತಳು. ಅದಕ್ಕೆ ನಾನು ಅಷ್ಟು ಮರುಗಲಿಲ್ಲ. ನನ್ನ ಎದೆಗೆ ಕಲ್ಲಾಗಿ ಕೂತದ್ದು ಬೇರೆ. ಈಗ ಊಟ ತಡೆಯುವವರು ಯಾರೂ ಇರಲಿಲ್ಲ, ಹಾಲಿನವಳು ಸರಿಯಾದ ಹಾಲನ್ನೇ ಹಾಕುತ್ತಿದ್ದಳು, ಆದರೂ ಹುಡುಗ ತಿನ್ನುತ್ತಿರಲಿಲ್ಲ. ಬೆಳಿಗ್ಗೆ ಲೋಟ ಗಂಜಿ, ಸಂಜೆ ನಿಂಬೆಗಾತ್ರದ ಮುದ್ದೆ, ಅಷ್ಟೇ. ಹದಿನಾರು ತುಂಬಿತ್ತು. ನಡೆಯುವಾಗ ಮಂಡಿ ಆಗಾಗ ತಾನಾಗಿಯೇ ಮಡಿಚಿಕೊಳ್ಳುತ್ತಿತ್ತು. ನಾನು ಡಬ್ಬಿಯಲ್ಲಿ ಊಟ ಒಯ್ದರೆ ಮುಚ್ಚಳವನ್ನೂ ತೆಗೆಯುತ್ತಿರಲಿಲ್ಲ.

“ಈಗ್ಯಾಕೋ ಈ ಉಪವಾಸ? ಸಿನಿಮಾ ಮುಗೀತಲ್ಲ!”

“ಇನ್ನೂ ಸಣ್ಣಗಾದ್ರೆ ಮತ್ತೆ ಕರೀಬೋದು ಅತ್ತೆ.”

ನಾನು ಹೊನ್ನಮ್ಮನ ಮುಖ ನೋಡಿದೆ. ಅವಳೂ ಒಳಗೊಳಗೇ ಕಾಯುತ್ತಿದ್ದಳು. ಈ ಹುಡುಗ ಹೀಗೇ ಒಣಗಿ ಒಂದು ದಿನ ಪರದೆಯ ಮೇಲೆ ಅವನ ಜಾಗ ಖಾಲಿಯಾದೀತು ಎಂದು ನನಗೆ ಭಯವಾಯಿತು. 

ಆಗಲೇ ಹೊಸ ಹುಡುಗನಿಗೆ ಅಮ್ಮ ಎದ್ದಿತು. ಮೈಯೆಲ್ಲ ಗುಳ್ಳೆಯಾದ ಮಗುವನ್ನು ಪರದೆಯ ಮೇಲೆ ತೋರಿಸುವ ಹಾಗಿಲ್ಲ, ಒಂದು ವಾರ ಟಾಕೀಸಿಗೆ ಹಾಕಲು ಬೇರೇನೂ ಇಲ್ಲ. ಶೆಟ್ಟರು ಡಬ್ಬದಿಂದ ‘ಕಾಡಿನಲ್ಲಿ ಕಿರೀಟ’ ತೆಗೆದು ಮ್ಯಾಟಿನಿಗೆ ಹಾಕಿದರು. ಸುದ್ದಿ ತಿಳಿದು ಚಲುವ ತಲೆ ಬಾಚಿಕೊಂಡು, ಗುಂಗುರು ಬಿಡಿಸಿಕೊಂಡು ಬಂದ. “ನೋಡೋಣ ಬಾ ಅತ್ತೆ. ಈಗ ಸಣ್ಣ ಕಾಣ್ತೀನಿ,” ಎಂದ. ಹೊನ್ನಮ್ಮ ಗೇಟನ್ನು ಇನ್ನೊಬ್ಬಳಿಗೆ ಒಪ್ಪಿಸಿ ಬಂದಳು. ಮೂವರೂ ಮರದ ಬೆಂಚಿನಲ್ಲಿ ಕೂತೆವು. ಬಿಸಿಲಿಗೆ ಹೆದರಿ ಒಳಗೆ ಬಂದ ಹದಿನೈದು ಇಪ್ಪತ್ತು ಜನರಿದ್ದರು, ಮುಂದಿನ ಬೆಂಚಿನಲ್ಲಿ ಪರವೂರಿನ ಗಂಡಹೆಂಡತಿ ಕಡಲೇಪುರಿ ತಿನ್ನುತ್ತಿದ್ದರು.

ಯಾರೂ ನಗಲಿಲ್ಲ. ನಗುವುದಕ್ಕೂ ಪ್ರೀತಿ ಬೇಕಲ್ಲ. ತೊರೆಯಲ್ಲಿ ಈಜುವ ದೃಶ್ಯ ಬಂತು. ಹಿಂದೆ ಆ ದೃಶ್ಯಕ್ಕೆ ಹೆಂಗಸರು ಪರದೆಯ ಕಡೆ ಕೈ ಚಾಚಿ ನೆಟಿಗೆ ಮುರಿಯುತ್ತಿದ್ದರು, ಅಷ್ಟು ಮುದ್ದಾಗಿ ನೀರು ಚಿಮ್ಮಿಸುತ್ತಿದ್ದ ಗುಂಡು ಹುಡುಗ. ಈಗ ನೀರಿನಿಂದ ಎದ್ದು ಬಂದದ್ದು ಉದ್ದನೆಯ ಒಂದು ಎಲುಬಿನ ಗೂಡು. ಭುಜದ ಮೂಳೆ ಚರ್ಮ ಹರಿದು ಬರುವ ಹಾಗಿತ್ತು. ಅದು ನಗುತ್ತಾ ನವಿಲಿಗೆ ನೀರೆರಚಿತು. ನಾನು ಪಕ್ಕಕ್ಕೆ ನೋಡಿದೆ. ಚಲುವ ಬಾಯಿ ಬಿಟ್ಟುಕೊಂಡು ತನ್ನನ್ನೇ ನೋಡುತ್ತಿದ್ದ, ಕೈ ಅಂಗಿಯ ಒಳಗೆ ಹೋಗಿ ಪಕ್ಕೆಲುಬನ್ನು ಮುಟ್ಟಿ ನೋಡಿಕೊಳ್ಳುತ್ತಿತ್ತು.

ಮುಂದಿನ ಬೆಂಚಿನ ಗಂಡಸು ಪುರಿ ಅಗಿಯುತ್ತಾ ಹೆಂಡತಿಗೆ ಹೇಳಿದ, “ಯಾರೇ ಈ ಹುಡ್ಗ? ದೊರೆ ಮಗ ಅಂತಾರೆ, ಅನ್ನ ಕಂಡು ಎಷ್ಟು ದಿನ ಆಯ್ತೋ.”

“ತಾಯಿ ಇಲ್ದಿರೋ ಮಗೂನ ಹಿಡ್ಕೊಂಡ್ ಬಂದಿರ್ತಾರೆ ಬಿಡಿ,” ಎಂದಳು ಅವಳು. “ಇದ್ದಿದ್ರೆ ಹಿಂಗ್ ಬಿಡ್ತಿದ್ಲಾ?”

ಹೊನ್ನಮ್ಮ ಎದ್ದು ನಿಂತಳು. ಹಿಂದಿನವರು ‘ಕೂತ್ಕೊಳ್ಳಮ್ಮ’ ಎಂದು ಕೂಗಿದರೂ ಅವಳಿಗೆ ಕೇಳಿಸಲಿಲ್ಲ. ಮಗನ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ನಡೆದಳು. ಅವನು ಹಿಂದೆಯೇ ಹೋದ. ರಸ್ತೆಯ ಸುಡುಬಿಸಿಲಿನಲ್ಲಿ ಅವಳು ಓಡುತ್ತಿದ್ದಳೋ ನಡೆಯುತ್ತಿದ್ದಳೋ, ನನಗೆ ಹಿಂಬಾಲಿಸಲು ಆಗಲಿಲ್ಲ.

ನಾನು ಮನೆ ಮುಟ್ಟುವ ಹೊತ್ತಿಗೆ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಚಲುವ ಗೋಡೆಗೆ ಒರಗಿ, ಕಾಲುಗಳನ್ನು ಉದ್ದಕ್ಕೆ ಚಾಚಿ ಕೂತಿದ್ದ. ಆ ಪುಟ್ಟ ಕೋಣೆಯಲ್ಲಿ ಅವು ಆಚೆ ಗೋಡೆಗೆ ಮುಟ್ಟುತ್ತಿದ್ದವು. ಹೊನ್ನಮ್ಮ ತಟ್ಟೆ ಇಟ್ಟು, ಅಭ್ಯಾಸಬಲದಿಂದ ಒಂದು ಹಿಡಿ ಅನ್ನ ಬಡಿಸಿ, ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

“ಇನ್ನೆಷ್ಟು ಹಾಕ್ಲಪ್ಪ?”

“ಗೊತ್ತಿಲ್ಲಮ್ಮ.”

ಅವಳು ಹಾಕಿದಳು. ಅವನು ಉಂಡ. ಮತ್ತೆ ಹಾಕಿದಳು, ಮತ್ತೆ ಉಂಡ. ಬೇಗ ಬೇಗ ಅಲ್ಲ, ಪರೀಕ್ಷೆ ಬರೆಯುವವನ ಹಾಗೆ ತಲೆ ತಗ್ಗಿಸಿ, ಒಂದೊಂದೇ ತುತ್ತು. ಸಾರು ಮುಗಿದ ಮೇಲೆ ಮಜ್ಜಿಗೆಯಲ್ಲಿ ಉಂಡ. ಮಜ್ಜಿಗೆ ಮುಗಿದ ಮೇಲೆ ಉಪ್ಪು ಹಾಕಿಕೊಂಡು ಬರೀ ಅನ್ನ ಉಂಡ. ಪಾತ್ರೆಯ ತಳದಲ್ಲಿ ಸೌಟು ಕೆರೆಯುವ ಸದ್ದು ಬಂದಾಗ ಹೊನ್ನಮ್ಮನ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ.

“ಸಾಕು ಅನ್ನಿಸ್ದಾಗ ಹೇಳು ಮಗ,” ಎಂದಳು.

ಅವನು ತುತ್ತನ್ನು ಕೈಯಲ್ಲೇ ಹಿಡಿದು ತಲೆಯೆತ್ತಿ ಅವಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ.

“ಅದು ಹೆಂಗ್ ಅನ್ನಿಸ್ತದಮ್ಮ?”

ಹೊನ್ನಮ್ಮ ಸೌಟು ಕೆಳಗಿಟ್ಟು, ಎದ್ದು ಹೋಗಿ, ಒಲೆಯ ಮೇಲೆ ಮತ್ತೆ ಎಸರಿಟ್ಟಳು.